ದಂಡೆಗೆ ಬಿದ್ದ ತಿಮಿಂಗಿಲದ ಸಾಕ್ಷ್ಯ: ಕಡಲ ಸಸ್ತನಿಗಳ ಆರೋಗ್ಯ ಮತ್ತು ಮರಣ ಕುರಿತ ಅಧ್ಯಯನ

‘ತಿಮಿ’ ಎಂದರೆ ಮಹಾಮತ್ಸ್ಯ. ಅದನ್ನೂ ನುಂಗಬಲ್ಲುದು ‘ತಿಮಿಂಗಿಲ’. ಹೆಸರು ಮೀನನ್ನು ನೆನಪಿಸಿದರೂ ತಿಮಿಂಗಿಲ, ಡಾಲ್ಫಿನ್, ಪೋರ್ಪಾಯ್ಸ್, ಸೀಲ್, ಕಡಲಹಸು ಇವೆಲ್ಲವೂ ಶ್ವಾಸಕೋಶದಿಂದ ಉಸಿರಾಡುವ, ಮರಿಗಳಿಗೆ ಹಾಲೂಡಿಸುವ ಸಸ್ತನಿಗಳು. ಇವುಗಳಲ್ಲಿ ತಿಮಿಂಗಿಲ ಮತ್ತು ಡಾಲ್ಫಿನ್ ವರ್ಗದ ಪ್ರಾಣಿಗಳು ಬದುಕಿನ ಬಹುಪಾಲನ್ನು ನೀರಿನ ಮೇಲ್ಮೈಯ ಕೆಳಗೇ ಕಳೆಯುವುದರಿಂದ ಜೀವಂತವಾಗಿರುವಾಗ ಅವುಗಳ ಆರೋಗ್ಯವನ್ನು ಹತ್ತಿರದಿಂದ ಪರೀಕ್ಷಿಸುವುದು ಬಲು ಕಷ್ಟ. ಅವುಗಳ ದೇಹ ಸಂಶೋಧಕನ ಕೈಗೆ ದೊರೆಯುವುದು ಬಹುಮಟ್ಟಿಗೆ ಅವು ದಂಡೆಗೆ ಬಂದು ಬಿದ್ದಾಗ ಮಾತ್ರ. ಹೀಗೆ ಬಿದ್ದ ಕಳೇಬರವನ್ನು ವಿಲೇವಾರಿಯ ಸಮಸ್ಯೆಯೆಂದಷ್ಟೇ ನೋಡದೆ ಸಾಕ್ಷ್ಯವೆಂದು ಏಕೆ ಪರಿಗಣಿಸಬೇಕು, ಆ ಸಾಕ್ಷ್ಯದಿಂದ ಏನು ಸಾಧ್ಯವಾಗಿದೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದಂಡೆಗೆ ಬಿದ್ದ ಪ್ರಾಣಿಯ ವಿಷಯದಲ್ಲಿ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕಾಗುತ್ತದೆ. ಅದು ದಂಡೆಗೆ ಬಂದುದೇಕೆ? ಅದು ಸತ್ತುದೇಕೆ? ಬದುಕಿದ್ದಾಗ ಅದರ ಆರೋಗ್ಯ ಹೇಗಿತ್ತು? ಕಡಲಿನಲ್ಲಿಯೇ ಸತ್ತು ಅಲೆಗಳೊಡನೆ ತೇಲಿಬಂದ ಕಳೇಬರಕ್ಕೆ ಮೊದಲನೆಯ ಪ್ರಶ್ನೆ ಅನ್ವಯಿಸುವುದೇ ಇಲ್ಲ. ಜೀವಂತವಾಗಿ ದಡ ಸೇರಿದ ತಿಮಿಂಗಿಲವಾದರೋ, ನೀರಿನ ಆಸರೆ ತಪ್ಪಿದೊಡನೆ ತನ್ನ ಭಾರಕ್ಕೆ ತಾನೇ ನಲುಗುತ್ತದೆ. ದೇಹದ ಬಿಸಿಯನ್ನು ಹೊರಹಾಕಲಾರದೆ ಬಳಲುತ್ತದೆ. ಅಲ್ಲಿ ಸಾವಿನ ಕಾರಣ ದಂಡೆಯೇ ಆಗಿದ್ದರೂ ದಂಡೆಗೆ ತಂದ ಕಾರಣ ಬೇರೆಯಾಗಿರಬಹುದು. ಈ ಮೂರನ್ನೂ ಒಂದೆಂದು ಭಾವಿಸಿದಾಗ ತಪ್ಪು ತೀರ್ಮಾನಗಳಿಗೆ ಎಡೆಯಾಗುತ್ತದೆ.

ಈ ಬಗೆಯ ದಾಖಲಾತಿಯ ದೀರ್ಘ ಪರಂಪರೆಯೊಂದು ಬ್ರಿಟನ್ನಿನಲ್ಲಿದೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ 1913ರಿಂದ ಆ ದೇಶದ ದಂಡೆಗಳಿಗೆ ಬಿದ್ದ ತಿಮಿಂಗಿಲ, ಡಾಲ್ಫಿನ್‌ಗಳ ಲೆಕ್ಕವನ್ನು ಇಡುತ್ತ ಬಂದಿತು. ಆದರೆ ಪ್ರಭೇದ, ಸ್ಥಳ, ದಿನಾಂಕ, ಉದ್ದ ಇಷ್ಟರಿಂದ ಸಾವಿನ ಕಾರಣ ತಿಳಿಯುವಂತಿರಲಿಲ್ಲ. 1988ರಲ್ಲಿ ಉತ್ತರ ಯುರೋಪಿನ ಕರಾವಳಿಯಲ್ಲಿ 18,000ಕ್ಕೂ ಹೆಚ್ಚು ಸೀಲ್‌ಗಳು ಸತ್ತವು. ನಾಯಿಗಳಿಗೆ ತಗಲುವ ಡಿಸ್ಟೆಂಪರ್ ರೋಗದ ವೈರಾಣುವಿಗೆ ಹತ್ತಿರದ, ಅದುವರೆಗೆ ಗುರುತಿಸಿರದ ವೈರಾಣುವೊಂದು ಇದಕ್ಕೆ ಕಾರಣವೆಂದು ಪ್ರಯೋಗಾಲಯದ ಪರೀಕ್ಷೆಗಳು ತೋರಿಸಿದವು. ಈ ಘಟನೆಯ ತರುವಾಯ, 1990ರಲ್ಲಿ, ಕಳೇಬರಗಳ ವ್ಯವಸ್ಥಿತ ಮರಣೋತ್ತರ ಪರೀಕ್ಷೆಯ ರಾಷ್ಟ್ರೀಯ ಯೋಜನೆ ಅಲ್ಲಿ ಆರಂಭವಾಯಿತು. ಎಣಿಕೆಯಿಂದ ಪರೀಕ್ಷೆಗೆ ಸಾಗಿದ ಈ ಹೆಜ್ಜೆಯೇ ಈ ಅಧ್ಯಯನಶಾಖೆಯ ಮುಖ್ಯ ತಿರುವು.

ಪರೀಕ್ಷೆಯ ಫಲವನ್ನು ನಿರ್ಧರಿಸುವ ಮೊದಲ ಅಂಶ ಕಾಲ. ಸಂಶೋಧಕರು ಕಳೇಬರದ ಸ್ಥಿತಿಯನ್ನು ಸಾಮಾನ್ಯವಾಗಿ 5 ದರ್ಜೆಗಳಲ್ಲಿ ಗುರುತಿಸುತ್ತಾರೆ: ಜೀವಂತ ಪ್ರಾಣಿ, ಆಗತಾನೆ ಸತ್ತದ್ದು, ಕೊಳೆಯತೊಡಗಿದ್ದರೂ ಅಂಗಾಂಗಗಳು ಸ್ವರೂಪ ಕಳೆದುಕೊಳ್ಳದಿರುವುದು, ಪೂರ್ತಿ ಕೊಳೆತದ್ದು, ಒಣಗಿದ ಚರ್ಮ ಅಥವಾ ಎಲುಬು ಮಾತ್ರ ಉಳಿದದ್ದು. ಚರ್ಮದ ಕೆಳಗಿನ ದಪ್ಪ ಕೊಬ್ಬಿನ ಪದರ ಸತ್ತ ಮೇಲೂ ಒಳಗಿನ ಕಾವನ್ನು ಹಿಡಿದಿಡುವುದರಿಂದ, ಹೊರಗೆ ಹೊಸದಾಗಿ ಕಾಣುವ ತಿಮಿಂಗಿಲದ ಒಳಭಾಗ ಬಹುಬೇಗ ಕೊಳೆಯುತ್ತದೆ. ಸೋಂಕಿನ ಪತ್ತೆ, ಅಂಗಾಂಶಗಳ ಸೂಕ್ಷ್ಮದರ್ಶಕ ಪರೀಕ್ಷೆ ಮುಂತಾದವು ಎರಡನೆಯ ದರ್ಜೆಯಲ್ಲಿ ಉತ್ತಮವಾಗಿ ಸಾಧ್ಯ. ದರ್ಜೆ ಕೆಳಗಿಳಿದಂತೆ ಉತ್ತರಗಳೂ ಕಡಿಮೆಯಾಗುತ್ತವೆ. ಆದರೂ ಕೊನೆಯ ದರ್ಜೆಯೂ ನಿಷ್ಪ್ರಯೋಜಕವಲ್ಲ. ಹಲ್ಲನ್ನು ಸೀಳಿ ಅದರ ಬೆಳವಣಿಗೆಯ ಪದರಗಳನ್ನೆಣಿಸಿ ವಯಸ್ಸನ್ನು ಅಂದಾಜಿಸಬಹುದು. ಎಲುಬಿನಿಂದ ವಂಶವಾಹಿಯ ಮಾಹಿತಿಯನ್ನು ಪಡೆಯಬಹುದು.

ಪರೀಕ್ಷಕನ ಕೆಲಸ ಹೊರಮೈಯಿಂದ ಆರಂಭವಾಗುತ್ತದೆ. ರೆಕ್ಕೆ, ಮೂತಿಗಳ ಸುತ್ತಲಿನ ತೆಳುವಾದ ಗೆರೆಗಳು ಬಲೆಯ ಗುರುತಾಗಿರಬಹುದು. ಸಮಾಂತರವಾದ ಆಳದ ಕೊಯ್ತಗಳು ಹಡಗಿನ ಪ್ರೊಪೆಲರಿನವಾಗಿರಬಹುದು. ಗಾಯದ ಸುತ್ತ ರಕ್ತಸ್ರಾವವಾಗಿದ್ದರೆ ಅದು ಜೀವವಿರುವಾಗಲೇ ಆದ ಗಾಯವೆಂಬುದು ತಿಳಿಯುತ್ತದೆ. ಕೊಬ್ಬಿನ ಪದರದ ದಪ್ಪ, ಹೊಟ್ಟೆಯೊಳಗಿನ ಆಹಾರ, ಪರೋಪಜೀವಿಗಳ ಹೊರೆ, ಜನನಾಂಗಗಳ ಸ್ಥಿತಿ ಇವು ಒಟ್ಟುಗೂಡಿದಾಗ ಮಾತ್ರ ಒಂದು ಚಿತ್ರ ಮೂಡುತ್ತದೆ. ಸ್ಕಾಟ್ಲೆಂಡಿನ ಮೋರೆ ಫರ್ತ್ ಪ್ರದೇಶದಲ್ಲಿ ಪಕ್ಕೆಲುಬು ಮುರಿದು, ಒಳಗೆ ರಕ್ತಸ್ರಾವವಾಗಿ ಸತ್ತ ಪೋರ್ಪಾಯ್ಸ್‌ಗಳು ದೊರೆತಾಗ ಸಂಶಯ ಮನುಷ್ಯನ ಕಡೆಗೆ ತಿರುಗುವುದು ಸಹಜವಾಗಿತ್ತು. ಮೈಮೇಲಿನ ಹಲ್ಲಿನ ಗುರುತುಗಳ ನಡುವಿನ ಅಂತರವನ್ನು ಅಳೆದು ನೋಡಿದಾಗ, ಅಪರಾಧಿ ಬಾಟಲ್‌ನೋಸ್ ಡಾಲ್ಫಿನ್ ಎಂಬುದು 1996ರಲ್ಲಿ ಪ್ರಕಟವಾಯಿತು.

ಸಾವಿನ ಕಾರಣವೊಂದೇ ಕಳೇಬರ ಹೇಳುವ ಸಂಗತಿಯಲ್ಲ. 2016ರ ಜನವರಿಯಲ್ಲಿ ಸ್ಕಾಟ್ಲೆಂಡಿನ ಟೈರೀ ದ್ವೀಪದ ದಂಡೆಯಲ್ಲಿ ‘ಲುಲು’ ಎಂದು ಸಂಶೋಧಕರು ಗುರುತಿಸಿದ್ದ ಹೆಣ್ಣು ಓರ್ಕಾ ಸತ್ತು ಬಿದ್ದಿತ್ತು. ಹಗ್ಗದಲ್ಲಿ ಸಿಕ್ಕಿಕೊಂಡು ಅದು ಸತ್ತಿತೆಂದು ಪರೀಕ್ಷೆ ತಿಳಿಸಿತು. ವಿಚಾರಣೆ ಅಲ್ಲಿಗೇ ನಿಂತಿದ್ದರೆ ಇನ್ನೂ ದೊಡ್ಡದೊಂದು ಸತ್ಯ ಮರೆಯಾಗುತ್ತಿತ್ತು. ಅದರ ಕೊಬ್ಬಿನಲ್ಲಿ ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕ ಪ್ರತಿ ಕಿಲೋಗ್ರಾಮಿಗೆ ಸುಮಾರು 950 ಮಿಲಿಗ್ರಾಮಿನಷ್ಟಿತ್ತು. ಇಂಥ ಪ್ರಾಣಿಗಳಲ್ಲಿ ದುಷ್ಪರಿಣಾಮ ತೋರತೊಡಗುವ ಮಟ್ಟ 9 ಮಿಲಿಗ್ರಾಂ ಎಂದು ಪರಿಗಣಿಸಲಾಗಿದೆ. ಕನಿಷ್ಠ 20 ವರ್ಷದ ಆ ಪ್ರಾಣಿ ಒಮ್ಮೆಯೂ ಗರ್ಭ ಧರಿಸಿರಲಿಲ್ಲವೆಂಬುದನ್ನು ಅದರ ಅಂಡಾಶಯ ಸೂಚಿಸಿತು. ಯುರೋಪಿನಲ್ಲಿ ದಶಕಗಳ ಹಿಂದೆಯೇ ನಿಷೇಧಗೊಂಡ ವಸ್ತು ಆಹಾರ ಸರಪಳಿಯ ತುದಿಯಲ್ಲಿ ಹೇಗೆ ಉಳಿದುಕೊಂಡಿದೆ ಎಂಬುದಕ್ಕೆ ಇದು ನಿದರ್ಶನ.

ತ್ವರಿತ ಪರೀಕ್ಷೆಯೊಂದು ಸಾರ್ವಜನಿಕ ನೀತಿಯನ್ನೇ ಬದಲಿಸಿದ ಉದಾಹರಣೆ ಸ್ಪೇನಿನ ಕ್ಯಾನರಿ ದ್ವೀಪಗಳದು. ಅಲ್ಲಿ ನೌಕಾ ಕವಾಯತುಗಳ ಸಮಯಕ್ಕೂ ಕೊಕ್ಕಿನ ತಿಮಿಂಗಿಲಗಳು ಗುಂಪಾಗಿ ದಡ ಸೇರುವುದಕ್ಕೂ ಇರುವ ಹೊಂದಿಕೆ 1980ರ ದಶಕದಲ್ಲಿಯೇ ಗಮನಕ್ಕೆ ಬಂದಿತ್ತು. ಆದರೆ ಹೊಂದಿಕೆ ಪುರಾವೆಯಲ್ಲ. 2002ರ ಸೆಪ್ಟೆಂಬರ್ 24ರಂದು ಕವಾಯತಿನಲ್ಲಿ ಸೋನಾರ್ ಬಳಕೆ ಆರಂಭವಾದ ಸುಮಾರು 4 ಗಂಟೆಗಳಲ್ಲಿ ಕೊಕ್ಕಿನ ತಿಮಿಂಗಿಲಗಳು ದಂಡೆಗೆ ಬರತೊಡಗಿದವು. ಒಟ್ಟು ಸಂಖ್ಯೆ 14. ಪಶುವೈದ್ಯ ರೋಗವಿಜ್ಞಾನಿಗಳು ಈ ಬಾರಿ ಸಕಾಲದಲ್ಲಿ 10 ಪ್ರಾಣಿಗಳನ್ನು ಪರೀಕ್ಷಿಸಿದರು. ರಕ್ತನಾಳಗಳಲ್ಲಿಯೂ ಅಂಗಗಳಲ್ಲಿಯೂ ಅನಿಲದ ಗುಳ್ಳೆಗಳು ಉಂಟುಮಾಡಿದ ಹಾನಿ ಕಂಡುಬಂದಿತು. ಆಳದಿಂದ ಅವಸರವಾಗಿ ಮೇಲೇರುವ ಮುಳುಗುಗಾರರಿಗೆ ತಗಲುವ ಬಾಧೆಯನ್ನು ಇದು ಹೋಲುತ್ತಿತ್ತು. ಈ ಫಲಿತಾಂಶ 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 2004ರಲ್ಲಿ ಸ್ಪೇನ್ ಸರ್ಕಾರ ಆ ದ್ವೀಪಗಳ ಸುತ್ತ 50 ನಾವಿಕ ಮೈಲಿಗಳೊಳಗೆ ಇಂಥ ಸೋನಾರ್ ಬಳಕೆಯನ್ನು ತಡೆಹಿಡಿಯಿತು. ಅಂದಿನಿಂದ ಅಲ್ಲಿ ಅಂಥ ಸಾಮೂಹಿಕ ಘಟನೆ ಸಂಭವಿಸಿಲ್ಲವೆಂದು ಸಂಶೋಧಕರು 2013ರಲ್ಲಿ ವರದಿ ಮಾಡಿದರು.

ಈ ವಿಧಾನಕ್ಕೆ ಮಿತಿಗಳೂ ಉಂಟು. ಸತ್ತ ಪ್ರಾಣಿಗಳಲ್ಲಿ ಹೆಚ್ಚಿನವು ಮುಳುಗಿಹೋಗುತ್ತವೆ, ಇಲ್ಲವೆ ದೂರ ತೇಲಿಹೋಗುತ್ತವೆ. ಮೆಕ್ಸಿಕೋ ಕೊಲ್ಲಿಯ ಉತ್ತರ ಭಾಗವನ್ನು ಕುರಿತ 2011ರ ಅಧ್ಯಯನವೊಂದರ ಅಂದಾಜಿನಂತೆ, ಸತ್ತ ತಿಮಿಂಗಿಲ, ಡಾಲ್ಫಿನ್‌ಗಳಲ್ಲಿ ಸರಾಸರಿ ಶೇ. 2ರಷ್ಟರ ಕಳೇಬರಗಳು ಮಾತ್ರ ದೊರೆಯುತ್ತವೆ. ಆದ್ದರಿಂದ ದಂಡೆಯ ಎಣಿಕೆಯನ್ನು ಕಡಲಿನ ಮರಣಸಂಖ್ಯೆಯೆಂದು ಓದಲಾಗದು. ದೊರೆತ ಅಲ್ಪ ಭಾಗವೂ ಪರೀಕ್ಷೆಯಿಲ್ಲದೆ ಮಣ್ಣು ಸೇರಬಾರದೆಂಬುದಕ್ಕೆ ಇದೇ ಪ್ರಬಲ ಕಾರಣ.

ನಮ್ಮ ದೇಶದ ಸಂದರ್ಭಕ್ಕೆ ಬಂದರೆ, ತಮಿಳುನಾಡಿನ ತಿರುಚೆಂದೂರು ಕರಾವಳಿಯಲ್ಲಿ 1973ರ ಜನವರಿಯಲ್ಲಿ 147 ಪೈಲಟ್ ತಿಮಿಂಗಿಲಗಳು ದಡ ಸೇರಿದ್ದವು. 43 ವರ್ಷಗಳ ಬಳಿಕ, 2016ರ ಜನವರಿಯಲ್ಲಿ, ಅದೇ ಕರಾವಳಿಗೆ ಅದೇ ಜಾತಿಯ 80ಕ್ಕೂ ಹೆಚ್ಚು ತಿಮಿಂಗಿಲಗಳು ಬಂದವು. ಮೀನುಗಾರರು ಕಡಲಿಗೆ ಮರಳಿಸಿದವುಗಳಲ್ಲಿ ಕೆಲವು ಮತ್ತೆ ದಡಕ್ಕೆ ಬಂದವು. ಇಂಥ ಎರಡು ಘಟನೆಗಳನ್ನು ಹೋಲಿಸಬೇಕಾದರೆ ಒಂದೇ ಕ್ರಮದಲ್ಲಿ ಇಟ್ಟ ದಾಖಲೆಗಳು ಅಗತ್ಯ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ದಶಕಗಳಿಂದ ಪ್ರಕಟಿಸುತ್ತ ಬಂದಿರುವ ಕಿರುವರದಿಗಳು ಈ ದಿಸೆಯಲ್ಲಿ ಅಮೂಲ್ಯ ಆಕರಗಳು. ದಡ ಸೇರಿದ ಕಡಲ ಪ್ರಾಣಿಗಳ ನಿರ್ವಹಣೆಗಾಗಿ ಕೇಂದ್ರ ಪರಿಸರ ಸಚಿವಾಲಯ 2021ರಲ್ಲಿ ಮಾರ್ಗಸೂಚಿಯನ್ನೂ ಹೊರತಂದಿದೆ.

ಕರ್ನಾಟಕದ ಕರಾವಳಿಗೆ ತೀರ ಸಮೀಪದಲ್ಲಿ ಹಂಪ್‌ಬ್ಯಾಕ್ ಡಾಲ್ಫಿನ್‌ಗಳೂ ಬೆನ್ನುರೆಕ್ಕೆಯಿಲ್ಲದ ಪೋರ್ಪಾಯ್ಸ್‌ಗಳೂ ವಾಸಿಸುತ್ತವೆ. ಮೀನುಗಾರಿಕೆ, ಬಂದರು, ನದೀಮುಖ ಇವುಗಳ ನಡುವೆಯೇ ಇವುಗಳ ಬದುಕು. ಇಲ್ಲಿ ಕಳೇಬರವನ್ನು ಮೊದಲು ಕಾಣುವವನು ಮೀನುಗಾರ. ಅನಂತರ ಬರುವವರು ಅರಣ್ಯ ಇಲಾಖೆಯ ಸಿಬ್ಬಂದಿ ಮತ್ತು ಪಶುವೈದ್ಯರು. ಮನುಷ್ಯನಿಗೂ ಹರಡಬಲ್ಲ ರೋಗಾಣುಗಳು ಇರಬಹುದಾದುದರಿಂದ ಬರಿಗೈಯಲ್ಲಿ ಮುಟ್ಟಕೂಡದೆಂಬ ಎಚ್ಚರ ಎಲ್ಲರಿಗೂ ಅಗತ್ಯ. ಹೂಳುವ ಮುನ್ನ ಅಳತೆ, ಛಾಯಾಚಿತ್ರ, ಚರ್ಮ, ಕೊಬ್ಬು ಮತ್ತು ಒಂದು ಹಲ್ಲು ಇಷ್ಟನ್ನಾದರೂ ತೆಗೆದಿಟ್ಟರೆ ಮುಂದಿನ ಸಂಶೋಧಕನಿಗೆ ಆಧಾರ ಉಳಿಯುತ್ತದೆ. ಹಳೆಯ ಪತ್ರಿಕಾ ವರದಿಗಳು, ಇಲಾಖೆಗಳ ಕಡತಗಳು, ಮೀನುಗಾರರ ನೆನಪುಗಳನ್ನು ಸಂಗ್ರಹಿಸಿ ಕಾಲಾನುಕ್ರಮದ ಸೂಚಿಯೊಂದನ್ನು ಸಿದ್ಧಪಡಿಸುವ ಕಾರ್ಯವನ್ನು ನಮ್ಮ ವಿಶ್ವವಿದ್ಯಾಲಯಗಳೂ ಗ್ರಂಥಾಲಯಗಳೂ ಕೈಗೆತ್ತಿಕೊಳ್ಳಬೇಕು. ಲಂಡನ್ನಿನ ವಸ್ತುಸಂಗ್ರಹಾಲಯದ ಕಾರ್ಯವೂ 1913ರಲ್ಲಿ ಆರಂಭವಾದದ್ದು ಇಂಥದೇ ಒಂದು ಸರಳ ಪಟ್ಟಿಯಿಂದ.