ಚಿಕ್ಕ ವಸತಿ ವ್ಯಾನಿನಲ್ಲಿ ಸಾಮಾನು ಹೊಂದಿಸುವ ಬಗೆ

ಪ್ರವಾಸ ಹೊರಟವರು ರಾತ್ರಿ ಮಲಗುವುದಕ್ಕೂ ಅಡುಗೆ ಮಾಡಿಕೊಳ್ಳುವುದಕ್ಕೂ ಅನುಕೂಲವಾಗುವಂತೆ ಸಜ್ಜುಗೊಳಿಸಿದ ಮೋಟಾರು ವಾಹನಕ್ಕೆ ವಸತಿ ವ್ಯಾನು ಅಥವಾ ಕ್ಯಾಂಪರ್ ವ್ಯಾನು ಎಂದು ಹೆಸರು. ಪರದೇಶಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಈ ಬಗೆಯ ಪ್ರವಾಸವು ಇತ್ತೀಚಿನ ವರ್ಷಗಳಲ್ಲಿ ನಮ್ಮ ದೇಶದಲ್ಲಿಯೂ ಬೇರೂರುತ್ತಿದೆ. ಕೇರಳ ಮತ್ತು ಮಹಾರಾಷ್ಟ್ರ ಸರ್ಕಾರಗಳು 2021ರಲ್ಲಿ ಇದಕ್ಕಾಗಿಯೇ ಪ್ರವಾಸೋದ್ಯಮ ನೀತಿಗಳನ್ನು ಪ್ರಕಟಿಸಿದವು. ಸ್ನಾನಗೃಹ, ಶೀತಕ ಪೆಟ್ಟಿಗೆಗಳನ್ನುಳ್ಳ ದೊಡ್ಡ ಗಾಡಿಗಳ ವಿಚಾರ ಬೇರೆ. ಸಾಮಾನ್ಯ ಕುಟುಂಬದ ಕೈಗೆ ಎಟುಕುವುದು ಚಿಕ್ಕ ವ್ಯಾನು. 1984ರಲ್ಲಿ ಮಾರುಕಟ್ಟೆಗೆ ಬಂದು, ಮುಂದೆ ಓಮ್ನಿ ಎಂಬ ಹೆಸರಿನಿಂದ 2019ರವರೆಗೆ ತಯಾರಾದ ಮಾರುತಿ ವ್ಯಾನು, 2010ರಲ್ಲಿ ಬಂದ ಈಕೋ ಇವು ಈ ಜಾತಿಯವು. ಪುಣೆಯಿಂದ ಸವದತ್ತಿಗೆ, ಹೈದರಾಬಾದಿನಿಂದ ಹಂಪಿಗೆ, ಮುಂಬಯಿಯಿಂದ ಉಡುಪಿಗೆ ಹೋಗಿಬರುವ ಕನ್ನಡಿಗ ಕುಟುಂಬವೊಂದು ಹಿಂದಿನ ಆಸನಗಳ ಜಾಗದಲ್ಲಿ ಹಾಸಿಗೆ, ಪಾತ್ರೆ, ನೀರು, ಬಟ್ಟೆ ಎಲ್ಲವನ್ನೂ ಹೊಂದಿಸಿಕೊಳ್ಳಬಯಸಿದರೆ ಏನೇನು ಗಮನಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮುಂಬಯಿಯ ಚಾಳುಗಳಲ್ಲಿ ಒಂದು ಕೋಣೆಯಲ್ಲಿ ಸಂಸಾರ ಮಾಡಿದವರಿಗೆ ಸಾಮಾನು ಹೊಂದಿಸುವ ಕಲೆಯನ್ನು ಬೇರೆಯವರು ಕಲಿಸಬೇಕಾದುದಿಲ್ಲ. ಮಂಚದ ಕೆಳಗೆ ಟ್ರಂಕು, ಬಾಗಿಲ ಮೇಲೆ ಅಟ್ಟ, ಗೋಡೆಗೆ ಮೊಳೆ: ಎಲ್ಲವೂ ಅವರಿಗೆ ಕರಗತ. ಆದರೆ ಚಾಳಿನ ಕೋಣೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವುದಿಲ್ಲ, ಹಠಾತ್ತನೆ ಬ್ರೇಕು ಹಾಕುವುದಿಲ್ಲ, ಘಟ್ಟದ ತಿರುವಿನಲ್ಲಿ ವಾಲುವುದಿಲ್ಲ. ಮನೆಯಲ್ಲಿ ಸರಿಯೆನಿಸಿದ ಅಟ್ಟವೇ ವ್ಯಾನಿನಲ್ಲಿ ಅಪಾಯಕ್ಕೆ ಕಾರಣವಾಗಬಹುದು. ಆದ್ದರಿಂದ ವ್ಯಾನಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಜಾಗ ಎಷ್ಟಿದೆ ಎಂಬುದಲ್ಲ, ಎಷ್ಟು ತೂಕ ಹೊರಬಹುದು ಎಂಬುದು.

ಜಾಗಕ್ಕಿಂತ ಮೊದಲು ತೂಕ

ವಾಹನದ ನೋಂದಣಿ ಪತ್ರದಲ್ಲಿ ಖಾಲಿ ವಾಹನದ ತೂಕವನ್ನು ನಮೂದಿಸಿರುತ್ತಾರೆ. ಹೊರೆಸಹಿತ ಗರಿಷ್ಠ ತೂಕವು ಅದರಲ್ಲಿ ಇಲ್ಲದಿದ್ದರೆ ತಯಾರಕರ ಕೈಪಿಡಿಯಲ್ಲಿ ಸಿಗುತ್ತದೆ. ಇವೆರಡರ ವ್ಯತ್ಯಾಸವೇ ವಾಹನ ಹೊರಬಲ್ಲ ಹೊರೆ. ಜನರೂ ಇದರಲ್ಲಿ ಸೇರುತ್ತಾರೆ ಎಂಬುದನ್ನು ಅನೇಕರು ಮರೆಯುತ್ತಾರೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಈ ವ್ಯತ್ಯಾಸವು 450 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ತಲಾ 65 ಕಿಲೋ ತೂಗುವ ಮೂವರು ಕುಳಿತರೆ 195 ಕಿಲೋ ಕಳೆಯಿತು. ಮಂಚ ಮತ್ತು ಕಪಾಟುಗಳಿಗೆ ಬಡಗಿಯು ಮನೆಗೆ ಬಳಸುವ 18 ಮಿಲಿಮೀಟರ್ ದಪ್ಪದ ಪ್ಲೈವುಡ್ಡನ್ನೇ ಬಳಸಿದನೆನ್ನಿ. ಎಂಟಡಿ ಉದ್ದ, ನಾಲ್ಕಡಿ ಅಗಲದ ಒಂದು ಹಲಗೆ ಸುಮಾರು 33 ಕಿಲೋ ತೂಗುತ್ತದೆ. ಅಂತಹ ನಾಲ್ಕು ಹಲಗೆಗಳೆಂದರೆ 130 ಕಿಲೋ, ಅಂದರೆ ಇನ್ನಿಬ್ಬರು ಪ್ರಯಾಣಿಕರ ತೂಕ. ಉಳಿದ 125 ಕಿಲೋದಲ್ಲಿ 40 ಲೀಟರ್ ನೀರಿಗೆ 40 ಕಿಲೋ. ಒಲೆ, ಸಣ್ಣ ಅನಿಲ ಸಿಲಿಂಡರು ಮತ್ತು ದೀಪ, ಪಂಖಗಳಿಗೆ ಬೇಕಾದ ಬ್ಯಾಟರಿಗೆ ಸುಮಾರು 45 ಕಿಲೋ. ಹಾಸಿಗೆ, ಬಟ್ಟೆ, ದಿನಸಿ, ಪಾತ್ರೆಗಳಿಗೆಲ್ಲ ಸೇರಿ ಉಳಿದದ್ದು 40 ಕಿಲೋ ಮಾತ್ರ.

ಇನ್ನು ಜಾಗದ ಲೆಕ್ಕ. 180 ಸೆಂಟಿಮೀಟರ್ ಉದ್ದ, 120 ಸೆಂಟಿಮೀಟರ್ ಅಗಲದ ಮಂಚವನ್ನು ನೆಲದಿಂದ 35 ಸೆಂಟಿಮೀಟರ್ ಎತ್ತರಕ್ಕೆ ಕೂರಿಸಿದರೆ ಅದರ ಕೆಳಗೆ 750 ಲೀಟರಿಗೂ ಮಿಕ್ಕ ಜಾಗ ದೊರೆಯುತ್ತದೆ. ಅಂದರೆ ತೂಕದ ಮಿತಿ ಮುಗಿದ ಮೇಲೆಯೂ ಜಾಗ ಖಾಲಿಯಿರುತ್ತದೆ, ಅದನ್ನು ತುಂಬುವ ಆಸೆ ಹುಟ್ಟುತ್ತದೆ. ಅಕ್ಕಿಯ ಇನ್ನೊಂದು ಚೀಲ, ಊರಿನಿಂದ ತರುವ ತೆಂಗಿನಕಾಯಿ, ಬಂಧುಗಳು ಕೊಟ್ಟ ಬೆಲ್ಲದ ಪೆಂಟೆ ಅಲ್ಲಿ ಸೇರಿಕೊಳ್ಳುತ್ತವೆ. ಹೊರೆ ಮಿತಿಮೀರಿದಾಗ ವಾಹನ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ, ಟೈರುಗಳು ಕಾಯುತ್ತವೆ. ಪುಣೆ ಸತಾರಾ ನಡುವಿನ ಖಂಬಾಟ್ಕಿಯಂತಹ ಘಟ್ಟ ಇಳಿಯುವಾಗ ಬ್ರೇಕುಗಳು ಬಿಸಿಯೇರಿ ಬಲಗುಂದುತ್ತವೆ.

ತೂಕ ಉಳಿಸಲು ಉತ್ತಮ ಉಪಾಯ ಬಡಗಿಯ ಕೆಲಸದಲ್ಲಿಯೇ ಇದೆ. 12 ಮಿಲಿಮೀಟರ್ ಹಲಗೆ ಬಳಸಿದರೆ ಮೂರನೆಯ ಒಂದು ಪಾಲು ಹಗುರ. ಕಪಾಟಿನ ಬಾಗಿಲುಗಳಿಗೆ ಹಲಗೆಯ ಬದಲು ದಪ್ಪ ಕ್ಯಾನ್ವಾಸು ಹೊಲಿಸಬಹುದು. ನೀರನ್ನು ಮನೆಯಿಂದಲೇ ತುಂಬಿ ಹೊರಡುವ ಬದಲು ದಾರಿಯಲ್ಲಿ ನಂಬಿಕೆಯ ಸ್ಥಳದಲ್ಲಿ ತುಂಬಿಕೊಳ್ಳುವುದು ಲೇಸು.

ಲೆಕ್ಕ ಎಷ್ಟೇ ಮಾಡಿದರೂ ಕೊನೆಯ ಮಾತು ತಕ್ಕಡಿಯದು. ಹೆದ್ದಾರಿಗಳ ಬದಿಯಲ್ಲಿ, ಕೃಷಿ ಮಾರುಕಟ್ಟೆಗಳಲ್ಲಿ ಲಾರಿಗಳನ್ನು ತೂಗುವ ವೇಬ್ರಿಜ್‌ಗಳಿರುತ್ತವೆ. ಎಲ್ಲ ಸಾಮಾನುಗಳನ್ನೂ ಜನರನ್ನೂ ತುಂಬಿಕೊಂಡು ಒಮ್ಮೆ ಅಲ್ಲಿ ತೂಗಿಸಬೇಕು. ಸಾಧ್ಯವಾದರೆ ಮುಂದಿನ ಗಾಲಿಗಳನ್ನೂ ಹಿಂದಿನ ಗಾಲಿಗಳನ್ನೂ ಬೇರೆ ಬೇರೆಯಾಗಿ ತಕ್ಕಡಿಯ ಮೇಲೆ ನಿಲ್ಲಿಸಿ ನೋಡಬೇಕು. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ.

ಯಾವುದು ಎಲ್ಲಿ

ಭಾರವಾದುದು ಕೆಳಗೆ, ಎರಡು ಅಚ್ಚುಗಳ ನಡುವೆ, ಹಗುರವಾದುದು ಮೇಲೆ. ನೀರಿನ ಡಬ್ಬಗಳನ್ನು ಹಿಂಬಾಗಿಲಿನ ಅಂಚಿನಲ್ಲಿಟ್ಟರೆ ಹೊರಗಿನಿಂದ ತೆಗೆಯಲು ಸುಲಭವೇನೋ ಹೌದು. ಆದರೆ ಹಿಂದಿನ ಅಚ್ಚಿನಿಂದ ಆಚೆಗೆ ಬಿದ್ದ ಭಾರವು ಏತದಂತೆ ಮುಂಭಾಗವನ್ನು ಎತ್ತಲೆಳಸುತ್ತದೆ. ಮುಂದಿನ ಗಾಲಿಗಳ ಹಿಡಿತ ಸಡಿಲಗೊಂಡು ಚುಕ್ಕಾಣಿಯೂ ಬ್ರೇಕೂ ದುರ್ಬಲವಾಗುತ್ತವೆ. ಬ್ಯಾಟರಿ ಮತ್ತು ನೀರನ್ನು ವಾಹನದ ಎಡಬಲ ಬದಿಗಳಿಗೆ ಹಂಚಿಡಬೇಕು. ಛಾವಣಿಯ ಮೇಲಿನ ಚೌಕಟ್ಟಿಗೆ ಹಾಸಿಗೆ, ಚಾಪೆ, ಖಾಲಿ ಡಬ್ಬಗಳಂತಹ ಹಗುರ ವಸ್ತುಗಳಷ್ಟೇ ಸಲ್ಲುವುದು. ಅಲ್ಲಿ ಏರಿಸಿದ ತೂಕವೂ ಒಟ್ಟು ಲೆಕ್ಕದೊಳಗೇ ಬರುತ್ತದೆ. ಅಲ್ಲದೆ ತಿರುವುಗಳಲ್ಲಿ ವಾಹನ ವಾಲುವುದನ್ನು ಹೆಚ್ಚಿಸುತ್ತದೆ.

ಓಮ್ನಿ, ಈಕೋಗಳ ಎಂಜಿನು ಮುಂದಿನ ಆಸನಗಳ ಕೆಳಗಿದೆ. ಅದರ ಆಸುಪಾಸಿನಲ್ಲಿ ಚೀಲಗಳನ್ನು ತುರುಕುವುದು, ಶಾಖಕ್ಕೆ ಕೆಡುವ ಆಹಾರ ಇಡುವುದು ತರವಲ್ಲ. ಹೆಚ್ಚುವರಿ ಗಾಲಿ, ಜ್ಯಾಕು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇವು ಯಾವುದೇ ಸಾಮಾನನ್ನು ಹೊರಗೆ ತೆಗೆಯದೆಯೇ ಕೈಗೆ ಸಿಗಬೇಕು. ಮಳೆಯಲ್ಲಿ, ಕತ್ತಲಲ್ಲಿ, ಲಾರಿಗಳು ಓಡಾಡುವ ಹೆದ್ದಾರಿಯ ಬದಿಯಲ್ಲಿ ಮಂಚವನ್ನೇ ಬಿಚ್ಚಿ ಜ್ಯಾಕು ಹುಡುಕುವ ಪಾಡು ಬೇಡ. ಬೆಂಕಿ ಆರಿಸುವ ಉಪಕರಣವನ್ನು ಒಲೆಯ ಬಳಿಯಲ್ಲದೆ ಬಾಗಿಲ ಬಳಿ ತೂಗುಹಾಕಬೇಕು. ಒಲೆಯೇ ಹೊತ್ತಿಕೊಂಡಾಗ ಅದರ ಪಕ್ಕದ ಉಪಕರಣಕ್ಕೆ ಕೈ ಹಾಕುವುದು ಹೇಗೆ? ಬಾಗಿಲುಗಳಲ್ಲಿ ಒಂದಾದರೂ ಒಳಗಿನಿಂದ ತಡೆಯಿಲ್ಲದೆ ತೆರೆಯುವಂತಿರಬೇಕು.

ಕಟ್ಟದ ಸಾಮಾನು

ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತಿರುವ ವಾಹನ ಡಿಕ್ಕಿ ಹೊಡೆದು ನಿಂತಾಗ ಒಳಗಿನ ಬಿಡಿ ವಸ್ತುಗಳು ಅದೇ ವೇಗದಲ್ಲಿ ಮುಂದಕ್ಕೆ ಹಾರುತ್ತವೆ. ಆ ವೇಗವು ಸುಮಾರು 10 ಮೀಟರ್ ಎತ್ತರದಿಂದ, ಎಂದರೆ ಮೂರನೆಯ ಮಹಡಿಯಿಂದ, ಬಿದ್ದ ವಸ್ತು ನೆಲ ಮುಟ್ಟುವಾಗಿನ ವೇಗಕ್ಕೆ ಸಮ. ವೇಗ 80 ಕಿಲೋಮೀಟರ್ ಆದರೆ ಈ ಎತ್ತರ 25 ಮೀಟರಿಗೇರುತ್ತದೆ. ಮೂರನೆಯ ಮಹಡಿಯಿಂದ ಪ್ರೆಷರ್ ಕುಕ್ಕರು ಬೀಳುತ್ತಿರುವಾಗ ಅದರ ಕೆಳಗೆ ಯಾರೂ ಮಗುವನ್ನು ಕೂರಿಸುವುದಿಲ್ಲ. ಮಂಚದ ಮೇಲೆ ಬಿಡಿಯಾಗಿಟ್ಟ ಕುಕ್ಕರಿನ ಮುಂದಿನ ಆಸನದಲ್ಲಿ ಕೂರಿಸುವುದೂ ಅದಕ್ಕೆ ಸಮಾನವಾದ ಕಾರ್ಯ.

ಹೀಗಾಗಿ ಪ್ರತಿಯೊಂದು ವಸ್ತುವೂ ಮುಚ್ಚಳವುಳ್ಳ ಪೆಟ್ಟಿಗೆಯೊಳಗೆ, ಪೆಟ್ಟಿಗೆಯು ನೆಲದ ಅಥವಾ ಮಂಚದ ಚೌಕಟ್ಟಿಗೆ ಬಿಗಿದ ಪಟ್ಟಿಯೊಳಗೆ ಇರಬೇಕು. ಎಳೆಪೆಟ್ಟಿಗೆಗಳಿಗೆ ಒತ್ತಿ ತೆರೆಯುವ ಚಿಲಕ ಬೇಕು. ಹಿಗ್ಗುವ ರಬ್ಬರಿನ ಹಗ್ಗ ಬಟ್ಟೆಗಂಟಿಗೆ ಸಾಕು, ನೀರಿನ ಡಬ್ಬಕ್ಕೆ ಸಾಲದು. ಅದಕ್ಕೆ ನೇಯ್ದ ಪಟ್ಟಿ ಮತ್ತು ಕೊಂಡಿಯೇ ಆಗಬೇಕು. ವಾಹನ ಓಡುತ್ತಿರುವಾಗ ಮಂಚದ ಮೇಲೆ ಯಾರೂ ಮಲಗಕೂಡದು. ದಣಿದ ಹಿರಿಯರನ್ನೋ ಮಕ್ಕಳನ್ನೋ ಹಿಂದೆ ಮಲಗಿಸಿಕೊಂಡು ಹೋಗುವ ರೂಢಿ ನಮ್ಮಲ್ಲಿ ಬಹಳವಿದೆ. ಕಟ್ಟದ ಸಾಮಾನಿಗೆ ಒದಗುವ ಗತಿಯೇ ಆಸನಪಟ್ಟಿ ಇಲ್ಲದ ಮನುಷ್ಯನಿಗೂ ಒದಗುತ್ತದೆ.

ಅನಿಲದ ಸಿಲಿಂಡರು

2023ರ ಆಗಸ್ಟ್ 26ರ ಮುಂಜಾನೆ ಮದುರೈ ರೈಲು ನಿಲ್ದಾಣದ ಸಮೀಪ ನಿಂತಿದ್ದ ಖಾಸಗಿ ಪ್ರವಾಸಿ ಬೋಗಿಯೊಂದರಲ್ಲಿ ಬೆಂಕಿ ಎದ್ದು ಉತ್ತರ ಪ್ರದೇಶದಿಂದ ಯಾತ್ರೆ ಬಂದಿದ್ದವರಲ್ಲಿ ಒಂಬತ್ತು ಮಂದಿ ಅಸುನೀಗಿದರು. ನಿಯಮಬಾಹಿರವಾಗಿ ಬೋಗಿಯೊಳಗೆ ತಂದಿಟ್ಟಿದ್ದ ಅಡುಗೆ ಅನಿಲದ ಸಿಲಿಂಡರು ಇದಕ್ಕೆ ಕಾರಣವೆಂದು ರೈಲ್ವೆ ಇಲಾಖೆ ತಿಳಿಸಿತು. ರೈಲಿನ ಬೋಗಿಗೆ ಹೋಲಿಸಿದರೆ ವ್ಯಾನು ಬೆಂಕಿಪೆಟ್ಟಿಗೆಯಷ್ಟು ಚಿಕ್ಕದು.

ಅಡುಗೆ ಅನಿಲ ಗಾಳಿಗಿಂತ ಭಾರವಾದುದು. ಸೋರಿದ ಅನಿಲ ಮೇಲೇರಿ ಕಿಟಕಿಯಿಂದ ಹೊರಹೋಗುವುದಿಲ್ಲ. ನೀರಿನಂತೆ ಕೆಳಗಿಳಿದು ಮಂಚದಡಿಯ ಪೆಟ್ಟಿಗೆಗಳ ನಡುವೆ ಮಡುಗಟ್ಟುತ್ತದೆ. ಹಾಗಾಗಿ ಸಿಲಿಂಡರನ್ನು ಮಂಚದ ಕೆಳಗಿನ ಸಾಮಾನುಗಳೊಡನೆ ಇಡಲೇಬಾರದು. ಒಳಗಿನ ಕಡೆಗೆ ಪೂರ್ತಿ ಮುಚ್ಚಿದ, ತಳದಲ್ಲಿ ಮಾತ್ರ ವಾಹನದ ಹೊರಕ್ಕೆ ರಂಧ್ರವುಳ್ಳ ಪ್ರತ್ಯೇಕ ಗೂಡಿನಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿ ಬಿಗಿಯಬೇಕು. ಗೃಹಬಳಕೆಯ 14.2 ಕಿಲೋ ಸಿಲಿಂಡರು ಕಬ್ಬಿಣದ ತೂಕವೂ ಸೇರಿ 30 ಕಿಲೋದಷ್ಟಾಗುತ್ತದೆ. ಚಿಕ್ಕ ವ್ಯಾನಿಗೆ ಅದು ಸಲ್ಲದು, 5 ಕಿಲೋದ್ದು ಧಾರಾಳವಾಯಿತು. ಪ್ರಯಾಣದ ವೇಳೆ ಕವಾಟ ಮುಚ್ಚಿರಬೇಕು. ಅಡುಗೆಯನ್ನಂತೂ ಹಿಂಬಾಗಿಲು ತೆರೆದು ವಾಹನದ ಹೊರಗೆ ಮಾಡುವುದೇ ಕ್ಷೇಮ. ಹೀಗೆ ಮಾಡಿದರೆ ಒಳಗೆ ಅಡುಗೆಕಟ್ಟೆಯೇ ಬೇಕಾಗುವುದಿಲ್ಲ. ಅಷ್ಟು ಜಾಗವೂ ಉಳಿಯಿತು.

ಒಂದು ವಸ್ತುವಿಗೆ ಎರಡು ಕೆಲಸ

ಜರ್ಮನಿಯ ವೆಸ್ಟ್‌ಫಾಲಿಯಾ ಸಂಸ್ಥೆಯು 1951ರಲ್ಲಿ ಫೋಕ್ಸ್‌ವ್ಯಾಗನ್ ವ್ಯಾನಿಗಾಗಿ ‘ಕ್ಯಾಂಪಿಂಗ್ ಬಾಕ್ಸ್’ ಎಂಬ ಸಾಧನವನ್ನು ತಯಾರಿಸಿತು. ಬೇಕಾದಾಗ ವ್ಯಾನಿನೊಳಗೆ ಕೂರಿಸಿ, ಬೇಡವಾದಾಗ ಎತ್ತಿ ಕೆಳಗಿಡಬಹುದಾದ ಆ ಪೆಟ್ಟಿಗೆಯಿಂದಾಗಿ ವಾರವಿಡೀ ಸರಕು ಹೊತ್ತ ವಾಹನವೇ ರಜೆಯ ದಿನ ಮನೆಯಾಗುತ್ತಿತ್ತು. ಒಂದೇ ವಾಹನವನ್ನು ಎಲ್ಲಕ್ಕೂ ಬಳಸುವ ನಮ್ಮ ಕುಟುಂಬಗಳಿಗೆ ಈ ಮಾದರಿ ಇಂದಿಗೂ ಅತ್ಯಂತ ಸೂಕ್ತ. ಕಾನೂನಿನ ದೃಷ್ಟಿಯಿಂದಲೂ ಇದು ಗಮನಾರ್ಹ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಆಸನಗಳನ್ನು ಕಿತ್ತುಹಾಕುವ, ಸ್ಥಿರವಾದ ಕಪಾಟುಗಳನ್ನು ಬೆಸೆಯುವ, ಅನಿಲದ ಗೂಡಿಗಾಗಿ ನೆಲವನ್ನು ಕೊರೆಯುವ ಮುನ್ನ ತಮ್ಮ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ ಅಗತ್ಯವಾದ ಅನುಮತಿ ಪಡೆಯತಕ್ಕದ್ದು.

ಹಾಗೆ ನೋಡಿದರೆ ಈ ಯುಕ್ತಿ ನಮಗೆ ಹೊಸದಲ್ಲ. ಸವದತ್ತಿಯ ಯಲ್ಲಮ್ಮನ ಜಾತ್ರೆಗೆ ಕಮಾನುಗಾಡಿ ಕಟ್ಟಿಕೊಂಡು ಹೊರಡುತ್ತಿದ್ದ ಒಕ್ಕಲು ಮನೆಯವರು ಗಾಡಿಯ ತಳಕ್ಕೆ ಮೇವು ಹಾಸಿ ಅದರ ಮೇಲೆ ಜಮಖಾನೆ ಹರಡುತ್ತಿದ್ದರು. ಅದು ಮಂದಿಗೆ ಹಾಸಿಗೆ, ಎತ್ತುಗಳಿಗೆ ಆಹಾರ. ದಿನ ಕಳೆದಂತೆ ಮೇವು ತಗ್ಗಿ, ಜಾತ್ರೆಯಲ್ಲಿ ಕೊಂಡ ಸಾಮಾನಿಗೆ ಜಾಗವಾಗುತ್ತಿತ್ತು. ಒಂದು ಕಾಲದ ರೈಲು ಪ್ರಯಾಣಿಕರ ಹೋಲ್ಡಾಲು ಸಹ ಇಂಥದೇ: ಬಿಚ್ಚಿದರೆ ಹಾಸಿಗೆ, ಸುತ್ತಿದರೆ ಬಟ್ಟೆಯ ಚೀಲ. ವ್ಯಾನಿನಲ್ಲಿಯೂ ಹಗಲು ಹೊತ್ತಿನ ಹಾಸಿಗೆಯ ಸುರುಳಿ ಒರಗುದಿಂಬಾಗಬಹುದು, ಬಟ್ಟೆ ತುಂಬಿದ ಚೀಲ ರಾತ್ರಿಯ ತಲೆದಿಂಬಾಗಬಹುದು, ದಿನಸಿಯ ಪೆಟ್ಟಿಗೆಯ ಮುಚ್ಚಳ ಊಟದ ಮಣೆಯಾಗಬಹುದು.

ಪಾತ್ರೆಗಳು ಒಂದರೊಳಗೊಂದು ಕೂರುವಂತಿರಬೇಕು. ನಡುವೆ ಬಟ್ಟೆ ಹಾಕಿದರೆ ದಾರಿಯುದ್ದಕ್ಕೂ ಕೇಳಬೇಕಾದ ಖಣಖಣ ನಿಲ್ಲುತ್ತದೆ. ದುಂಡು ಡಬ್ಬಿಗಳ ಮೋಹವನ್ನು ಮಾತ್ರ ಬಿಡಬೇಕು. ಚೌಕಾಕಾರದ ಗೂಡಿನಲ್ಲಿ ಅದರ ಅಗಲಕ್ಕೆ ಸರಿಯಾದ ದುಂಡು ಡಬ್ಬಿಯನ್ನಿಟ್ಟರೆ ಮೂಲೆಗಳಲ್ಲಿ ನೂರಕ್ಕೆ 21 ಪಾಲಿಗೂ ಹೆಚ್ಚು ಜಾಗ ವ್ಯರ್ಥ. ಚೌಕ ಡಬ್ಬಿಯಲ್ಲಿ ಆ ನಷ್ಟವಿಲ್ಲ. ಆಹಾರದ ಆಯ್ಕೆಯಲ್ಲಿ ನಮ್ಮ ಹಿರಿಯರ ಬುತ್ತಿಯೇ ಮಾರ್ಗದರ್ಶಿ: ಕಟಿ ರೊಟ್ಟಿ, ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ ಹಗುರವಾದವು, ಕೆಡದಂಥವು, ಹೆಚ್ಚು ಅನಿಲವನ್ನೂ ಬೇಡವು.

ತೇವದ ಕಾಟ

ಕೊಂಕಣದ ಕರಾವಳಿಯಲ್ಲಿ, ಮಳೆಗಾಲದ ಸಹ್ಯಾದ್ರಿಯಲ್ಲಿ ಸಂಚರಿಸುವವರಿಗೆ ಇದೊಂದು ಪ್ರತ್ಯೇಕ ತೊಂದರೆ. ಮುಚ್ಚಿದ ವ್ಯಾನಿನಲ್ಲಿ ಮಲಗಿದವರ ಉಸಿರಿನ ತೇವವು ತಗಡಿನ ಗೋಡೆಗೆ ತಾಗಿ ಹನಿಗಟ್ಟಿ ಕೆಳಗಿಳಿಯುತ್ತದೆ. ಜಾಗ ಉಳಿಸಬೇಕೆಂದು ಚೀಲಗಳನ್ನು ಗೋಡೆಗೆ ಒತ್ತಿಟ್ಟಿದ್ದರೆ ಬಟ್ಟೆ, ಹಾಸಿಗೆಗಳಿಗೆ ಬೂಷ್ಟು ಹಿಡಿಯುತ್ತದೆ. ಗೋಡೆಯಿಂದ ಎರಡು ಬೆರಳು ಅಂತರ ಬಿಡಬೇಕು. ಮಂಚಕ್ಕೆ ಅಖಂಡ ಹಲಗೆಯ ಬದಲು ನಡುನಡುವೆ ಸಂದುಬಿಟ್ಟ ಪಟ್ಟಿಗಳನ್ನು ಜೋಡಿಸಿದರೆ ಗಾಳಿಯೂ ಆಡುತ್ತದೆ, ತೂಕವೂ ಇಳಿಯುತ್ತದೆ. ಒದ್ದೆ ಬಟ್ಟೆಗೆ ಬೇರೆಯೇ ಒಂದು ಚೀಲವನ್ನು ಬಾಗಿಲ ಬಳಿ ಇರಿಸಬೇಕು. ಪ್ರವಾಸ ಮುಗಿಸಿ ಬಂದ ಮೇಲೆ ಹಾಸಿಗೆಯನ್ನು ಒಳಗೇ ಬಿಡದೆ ಬಿಸಿಲಿಗೆ ಹಾಕಿ, ಪೆಟ್ಟಿಗೆಗಳ ಮುಚ್ಚಳಗಳನ್ನು ಒಂದೆರಡು ದಿನ ತೆರೆದಿಡಬೇಕು.