ಕೊಳವೆ ಇರುವ ಮನೆಯಲ್ಲಿ ಚಳಿಜ್ವರ ಬಂದರೆ

ಸೊರಬದ ಕಡೆ ಜ್ವರಕ್ಕೆ ಹೆಸರುಗಳು ಬಹಳ. 1957ರಲ್ಲಿ ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನ ಹಾಸಿಗೆ ಹಿಡಿದ ಮೇಲೆ ಮಂಗನ ಕಾಯಿಲೆ ಜಗತ್ತಿಗೆಲ್ಲ ಗೊತ್ತಾಯಿತು. ಮಳೆಗಾಲ ಬಂದರೆ ಡೆಂಗಿ, ಇಲಿಜ್ವರ; ಮಳೆ ಹೋಗಿ ತರಗೆಲೆ ಒಣಗಿದರೆ ಉಣ್ಣೆಯ ಭಯ. ಹಾಗಾಗಿ ಮೈ ಬಿಸಿಯಾದ ಕೂಡಲೇ ಶಿಕಾರಿಪುರ, ಸೊರಬದ ಮನೆಗಳಲ್ಲಿ ನೆನಪಾಗುವುದು ಇವೇ. ಆದರೆ ಎದೆಯಲ್ಲೋ ತೋಳಲ್ಲೋ ಕೊಳವೆ ಇರಿಸಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದವರಿಗೆ ಜ್ವರ ಬಂದರೆ ಮೊದಲು ಅನುಮಾನಿಸಬೇಕಾದ್ದು ಆ ಕೊಳವೆಯನ್ನು.

ಕರುಳು ತಿರುಚಿಕೊಂಡೋ, ರಕ್ತ ಹೆಪ್ಪುಗಟ್ಟಿ ಕೊಳೆತೋ ಅದರ ಬಹುಭಾಗವನ್ನು ಕತ್ತರಿಸಿ ತೆಗೆದರೆ, ಬಾಯಲ್ಲಿ ಉಂಡದ್ದು ಮೈಗೆ ಹತ್ತುವುದಿಲ್ಲ. ಅಂಥವರಿಗೆ ಸಕ್ಕರೆ, ಅಮೈನೋ ಆಮ್ಲ, ಕೊಬ್ಬು, ಲವಣ, ವಿಟಮಿನ್ ಎಲ್ಲವನ್ನೂ ಒಂದೇ ಚೀಲದಲ್ಲಿ ಬೆರೆಸಿ ನೇರ ರಕ್ತಕ್ಕೆ ಹರಿಸುತ್ತಾರೆ. ಕೈಗೆ ಹಾಕುವ ಗ್ಲೂಕೋಸ್ ಬಾಟಲಿಯಂತಲ್ಲ ಇದು. ಬಹಳ ಗಟ್ಟಿಯಾದ ದ್ರವ. ಕೈಯ ಸಣ್ಣ ನರದಲ್ಲಿ ಬಿಟ್ಟರೆ ನರವೇ ಉರಿದು ಕೆಡುತ್ತದೆ. ಅದಕ್ಕೇ ಕೊಳವೆಯ ತುದಿಯನ್ನು ಹೃದಯದ ಬಾಯಿಯ ಹತ್ತಿರದ ದೊಡ್ಡ ರಕ್ತನಾಳದಲ್ಲಿ ನಿಲ್ಲಿಸುವುದು. ಅಲ್ಲಿ ರಕ್ತ ರಭಸದಿಂದ ಹರಿದು ಆ ಗಟ್ಟಿ ದ್ರವವನ್ನು ಕ್ಷಣದಲ್ಲಿ ತೆಳುಮಾಡುತ್ತದೆ. 1973ರಲ್ಲಿ ಬ್ರೋವಿಯಾಕ್, 1979ರಲ್ಲಿ ಹಿಕ್‌ಮನ್ ಅವರ ಹೆಸರಿನ ಕೊಳವೆಗಳು ಬಂದ ಮೇಲೆ ಈ ಊಟವನ್ನು ತಿಂಗಳುಗಟ್ಟಲೆ ಮನೆಯಲ್ಲೇ ಕೊಡುವುದು ಸುಲಭವಾಯಿತು.

ನಮ್ಮಲ್ಲಿ ಹೀಗೆ ಮನೆಯಲ್ಲಿ ರಕ್ತನಾಳದ ಮೂಲಕ ಊಟ ಪಡೆಯುವವರು ವಿರಳ. ಕ್ಯಾನ್ಸರ್ ಔಷಧಿಗೆ ತೋಳಿನಲ್ಲಿ ಪಿಕ್ ಲೈನ್ ಹಾಕಿಸಿಕೊಂಡವರು, ಡಯಾಲಿಸಿಸ್‌ಗೆ ಕುತ್ತಿಗೆಯ ಹತ್ತಿರ ಕೊಳವೆ ಇರುವವರು ಹೆಚ್ಚು. ರೋಗ ಬೇರೆಯಾದರೂ ಕೊಳವೆ ತಲುಪುವ ಜಾಗ ಒಂದೇ, ಅಪಾಯವೂ ಒಂದೇ. ಊಟದ ಕೊಳವೆಗೆ ಇನ್ನೊಂದು ತೊಡಕಿದೆ: ನಮ್ಮ ಮೈಯನ್ನು ಸಾಕುವ ಸಕ್ಕರೆ, ಕೊಬ್ಬು ಕ್ರಿಮಿಗಳನ್ನೂ ಸಾಕುತ್ತವೆ.

ಕ್ರಿಮಿ ಒಳಗೆ ಹೋಗುವುದು ಎಲ್ಲಿಂದ? ಕೊಳವೆ ಚರ್ಮದಿಂದ ಹೊರಬರುವ ತೂತು ಒಂದು ದಾರಿ, ನಿಜ. ಅದನ್ನು ಎಲ್ಲರೂ ನೋಡಿಕೊಳ್ಳುತ್ತಾರೆ. ಆದರೆ ತಿಂಗಳುಗಟ್ಟಲೆ ಇರುವ ಕೊಳವೆಗೆ ಹೆಚ್ಚಿನ ಅಪಾಯ ಅದರ ಹೊರತುದಿಯಲ್ಲಿ, ದಿನವೂ ಚೀಲ ಜೋಡಿಸುವ ಆ ಸಣ್ಣ ಮೂತಿಯಲ್ಲಿ. ಬಿಚ್ಚುವಾಗ, ಜೋಡಿಸುವಾಗ ಕೈಯ ಚರ್ಮದ ಕ್ರಿಮಿ ಅಲ್ಲಿಂದ ಒಳಗಿಳಿಯುತ್ತದೆ. ಇಳಿದದ್ದು ಕೊಳವೆಯ ಒಳಗೋಡೆಗೆ ಅಂಟಿ, ಕೆರೆಯ ಮೆಟ್ಟಿಲಿನ ಪಾಚಿಯ ಹಾಗೆ ಲೋಳೆಯ ಪದರ ಕಟ್ಟಿಕೊಳ್ಳುತ್ತದೆ. ಆ ಪದರದೊಳಗೆ ಔಷಧಿ ಸರಿಯಾಗಿ ಇಳಿಯುವುದಿಲ್ಲ. ದ್ರವ ಬಿಟ್ಟಾಗಲೆಲ್ಲ ಪಾಚಿಯ ಚೂರು ಕಿತ್ತು ರಕ್ತಕ್ಕೆ ಸೇರುತ್ತದೆ. ಚೀಲ ಜೋಡಿಸಿದ ಅಥವಾ ಸಲೈನ್ ಬಿಟ್ಟ ಒಂದು ಗಂಟೆಯೊಳಗೆ ಗಡಗಡ ನಡುಕ, ಆಮೇಲೆ ಜ್ವರ ಬಂತೆಂದರೆ ಕಾರಣ ಬಹುತೇಕ ಇದೇ. ತೂತಿನ ಸುತ್ತ ಕೆಂಪಿಲ್ಲ, ಕೀವಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಒಳಗಿನ ಸೋಂಕು ಹೊರಗೆ ಕಾಣಲೇಬೇಕೆಂದಿಲ್ಲ.

ಇದು ಎಷ್ಟು ಸಲ ಆಗುತ್ತದೆ? ಬೇರೆ ಬೇರೆ ದೇಶಗಳ ವರದಿಗಳನ್ನು ಒಟ್ಟು ಹಾಕಿ ನೋಡಿದಾಗ ಸಿಕ್ಕ ಲೆಕ್ಕ, ಸಾವಿರ ಕೊಳವೆ-ದಿನಗಳಿಗೆ 0.38ರಿಂದ 4.58. ಅಂದರೆ ಒಂದು ಕಡೆ ಏಳು ವರ್ಷಕ್ಕೊಮ್ಮೆ, ಇನ್ನೊಂದು ಕಡೆ ಏಳು ತಿಂಗಳಿಗೊಮ್ಮೆ. ಈ ಅಂತರದಲ್ಲಿ ಜೋಡಿಸುವ ಕೈಯ ಪಾಲು ದೊಡ್ಡದು ಎಂದೇ ನನ್ನ ನಂಬಿಕೆ.

ಆ ಕೈ ನಮ್ಮಲ್ಲಿ ಅಡಿಕೆ ಸುಲಿದು ಕರೆಗಟ್ಟಿದ ಕೈ, ಕೊಟ್ಟಿಗೆಯಿಂದ ಬಂದ ಕೈ. ಕೊಳೆ ಇರುವ ಕೈಗೆ ಸ್ಯಾನಿಟೈಸರ್ ಸಾಲದು. ಮೊದಲು ಸೋಪು, ಹರಿಯುವ ನೀರು, ಉಗುರಿನ ಸಂದಿ, ಆಮೇಲೆ ಒಗೆದು ಒಣಗಿಸಿದ ಬಟ್ಟೆ; ಸೆರಗಿಗೆ, ಪಂಚೆಗೆ ಒರೆಸಿಕೊಳ್ಳಬಾರದು. ಸಾಧ್ಯವಾದರೆ ಸುಗ್ಗಿಯ ದಿನಗಳಲ್ಲಿ ಕೊಳವೆಯ ಕೆಲಸವನ್ನು ಮನೆಯಲ್ಲಿ ಒಬ್ಬರಿಗೇ ಒಪ್ಪಿಸಿ. ಫ್ಯಾನ್ ನಿಲ್ಲಿಸಿ. ಮೂತಿಯನ್ನು ಸ್ಪಿರಿಟ್ ಹತ್ತಿಯಿಂದ ಕನಿಷ್ಠ 15 ಸೆಕೆಂಡು ತಿರುವಿ ತಿಕ್ಕಿ, ತಾನಾಗಿ ಒಣಗಲು ಬಿಡಿ. ಬಾಯಿಂದ ಊದಿ ಒಣಗಿಸಿದರೆ ತಿಕ್ಕಿದ್ದೆಲ್ಲ ವ್ಯರ್ಥ.

ಪಾರದರ್ಶಕ ಪಟ್ಟಿಯಾದರೆ ವಾರಕ್ಕೊಮ್ಮೆ, ಗಾಜ್ ಬಟ್ಟೆಯಾದರೆ ಎರಡು ದಿನಕ್ಕೊಮ್ಮೆ ಬದಲಿಸಬೇಕು. ಒದ್ದೆಯಾದರೆ, ಅಂಚು ಎದ್ದರೆ ಅಂದೇ. ಕೆರೆಯಲ್ಲಿ ಈಜು ಬೇಡ, ಚಂದ್ರಗುತ್ತಿ ಜಾತ್ರೆಗೆ ಹೋದಾಗ ವರದಾ ನದಿಯಲ್ಲಿ ಮುಳುಗು ಹಾಕುವುದೂ ಬೇಡ. ಊಟದ ಚೀಲಕ್ಕೆ 2ರಿಂದ 8 ಡಿಗ್ರಿಯ ತಂಪು ಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಊರುಗಳಲ್ಲಿ ಇದಕ್ಕೆ ಮೊದಲೇ ಏರ್ಪಾಟು ಮಾಡಿಕೊಳ್ಳಬೇಕು; ಹಾಗೆಂದು ಫ್ರೀಜರ್‌ನಲ್ಲಿ ಇಡಬಾರದು. ಸುಸ್ತೆಂದು ಹತ್ತಿರದ ಕ್ಲಿನಿಕ್‌ಗೆ ಹೋದಾಗ ಗ್ಲೂಕೋಸನ್ನು ಇದೇ ಕೊಳವೆಗೆ ಹಾಕಲು ಹೊರಟರೆ, ಬೇಡವೆನ್ನಿ. ನಿಮ್ಮ ಮಾತಿಗೆ ಯಾರಾದರೂ ಬೇಸರಿಸಿಕೊಂಡರೂ ಪರವಾಗಿಲ್ಲ.

ಇಷ್ಟಾದರೂ ನಡುಕ ಬಂದರೆ? ಹರಿಯುವುದನ್ನು ನಿಲ್ಲಿಸಿ, ಕ್ಲಾಂಪ್ ಒತ್ತಿ. ಕೊಳವೆಯನ್ನು ನೀವೇ ಎಳೆಯಬೇಡಿ. ಬೆಳಗಾಗಲಿ ಎಂದು ಕಾಯದೆ ಕೊಳವೆ ಹಾಕಿದ ಆಸ್ಪತ್ರೆಗೆ ಫೋನ್ ಮಾಡಿ, ಅವರು ಹೇಳಿದಲ್ಲಿಗೆ ಹೊರಡಿ; ವಾಹನವಿಲ್ಲದಿದ್ದರೆ 108. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಸುಮಾರು 50 ಕಿ.ಮೀ., ಸೊರಬದಿಂದ ಇನ್ನೂ ದೂರ. ರೋಗಿಗೆ ಗೊಂದಲ, ತಲೆಸುತ್ತು, ಉಸಿರಾಟದ ತೊಂದರೆ ಇದ್ದರೆ ಮೊದಲು ತಾಲ್ಲೂಕು ಆಸ್ಪತ್ರೆ. ಮನೆಯಲ್ಲಿ ಉಳಿದ ಆ್ಯಂಟಿಬಯೋಟಿಕ್ ಮಾತ್ರೆ ಕೊಡಬೇಡಿ. ಮಾತ್ರೆ ಬಿದ್ದ ಮೇಲೆ ರಕ್ತದಲ್ಲಿ ಕ್ರಿಮಿ ಬೆಳೆಯದೆ ಹೋಗಬಹುದು. ಪರೀಕ್ಷೆ ಸುಳ್ಳು ಹೇಳುತ್ತದೆ, ಕೊಳವೆಯೊಳಗಿನ ಪಾಚಿ ಹಾಗೇ ಉಳಿದಿರುತ್ತದೆ.

ಆಸ್ಪತ್ರೆಯಲ್ಲಿ ಕೊಳವೆಯಿಂದೊಂದು, ಇನ್ನೊಂದು ಕೈಯಿಂದೊಂದು, ಹೀಗೆ ಎರಡು ಕಡೆಯ ರಕ್ತವನ್ನು ಒಂದೇ ಹೊತ್ತಿಗೆ ಕಲ್ಚರ್‌ಗೆ ತೆಗೆಯಬೇಕು. ಕೊಳವೆಯ ರಕ್ತದಲ್ಲಿ ಕ್ರಿಮಿ ಎರಡು ಗಂಟೆಯಾದರೂ ಮೊದಲು ಬೆಳೆದರೆ ಸೋಂಕಿನ ಮೂಲ ಕೊಳವೆಯೇ ಎಂದರ್ಥ. ಅದನ್ನು ಔಷಧಿಯಿಂದ ಉಳಿಸಬಹುದೋ, ತೆಗೆಯಲೇಬೇಕೋ ಎಂಬುದು ಕ್ರಿಮಿಯ ಮೇಲೆ ನಿಂತಿದೆ. ಫಂಗಸ್ ಆದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ಮನೆಯವರು ಇತ್ತೀಚೆಗೆ ಕಾಡಿಗೆ ಹೋಗಿದ್ದರೆ, ಉಣ್ಣೆ ಕಚ್ಚಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಮಂಗನ ಕಾಯಿಲೆಯ ಪರೀಕ್ಷೆಗೂ ರಕ್ತ ಕಳಿಸಲಿ, ಕಲ್ಚರ್‌ಗೆ ತೆಗೆದ ಮೇಲೆ.