ಹೆಸರು ಮೂರು, ಒಳಗಿರೋದು ಒಂದೇ!

ಕಳೆದ ದೀಪಾವಳಿಗೆ ಊರಿಗೆ, ಅಂದ್ರೆ ದೇವನೂರಿಗೆ ಹೋದಾಗ ಅವ್ವನ ಪಾದ ಎರಡೂ ಊದಿಕೊಂಡಿದ್ದವು. ಕೇಳಿದ್ರೆ, "ಏನಿಲ್ಲ ಬುಡು ಮಗ, ಕಳೆ ತೆಗ್ಯಕ್ಕೆ ಹೋಗಿದ್ದೆ, ನಿಂತಿದ್ದು ವಸಿ ಜಾಸ್ತಿ ಆಯ್ತು" ಅಂದಳು. ರಾತ್ರಿ ಊಟ ಆದ ಮೇಲೆ ಹಳೇ ಬಿಸ್ಕತ್ ಡಬ್ಬಿ ತೆಗೆದು ಒಂದಾದ ಮೇಲೊಂದು ಮಾತ್ರೆ ಬಿಡಿಸಿಕೊಳ್ಳೋಕೆ ಶುರು ಮಾಡಿದಾಗ ನನಗೆ ದಿಗಿಲಾಯಿತು.

ಒಂದು ಮಂಡಿಗೆ, ನಂಜನಗೂಡಿನಲ್ಲಿ ಡಾಕ್ಟರು ಬರೆದುಕೊಟ್ಟಿದ್ದು. ಇನ್ನೊಂದು ಸೊಂಟಕ್ಕೆ, ಔಷಧಿ ಅಂಗಡಿಯಲ್ಲಿ ಕೇಳಿ ತಂದದ್ದು. ಮೂರನೆಯದು ಮೈಕೈ ನೋವಿಗೆ, ಪಕ್ಕದ ಮನೆಯವರು ಕೊಟ್ಟದ್ದು. "ಎಲ್ಲಾ ನೋವಿನ ಮಾತ್ರೆನೇ ಅಲ್ವೇನವ್ವಾ?" ಅಂದೆ. "ಬಣ್ಣನೇ ಬ್ಯಾರೆ ಬ್ಯಾರೆ ಅದೆ, ಒಂದೇ ಹೆಂಗಾದದು?" ಅಂತ ನನ್ನನ್ನೇ ಕೇಳಿದಳು.

ನಾನು ಸಾಫ್ಟ್‌ವೇರ್ ಎಂಜಿನಿಯರ್, ಡಾಕ್ಟರಲ್ಲ. ಆದರೆ ಒಂದೇ ಗ್ರಾಹಕನ ಹೆಸರು ಮೂರು ಥರ ದಾಖಲಾಗಿ ಲೆಕ್ಕ ಮೂರು ಪಟ್ಟಾಗೋದನ್ನ ಹುಡುಕೋದು ನನ್ನ ದಿನನಿತ್ಯದ ಕೆಲಸ. ಹಾಗಾಗಿ ಮಾತ್ರೆ ಪಟ್ಟಿಯ ಮೇಲಿನ ದಪ್ಪಕ್ಷರದ ಹೆಸರು ಬಿಟ್ಟು, ಸಣ್ಣಕ್ಷರದಲ್ಲಿ ಬರೆದಿದ್ದನ್ನು ಓದಿದೆ. ಮಂಡಿಯದರಲ್ಲಿ ಅಸೆಕ್ಲೋಫೆನಾಕ್ 100 ಮಿಲಿಗ್ರಾಂ, ಪ್ಯಾರಾಸಿಟಮಾಲ್ 325. ಸೊಂಟದ ಮಾತ್ರೆಯನ್ನು ಅಂಗಡಿಯವರು ಕತ್ತರಿಸಿ ಕೊಟ್ಟಿದ್ದರಿಂದ ಅರ್ಧ ಹೆಸರೇ ಇರಲಿಲ್ಲ. ಮಾರನೇ ದಿನ ಅಂಗಡಿಗೇ ಹೋಗಿ ಪೂರ್ತಿ ಪಟ್ಟಿ ಈಸಿಕೊಂಡು ನೋಡಿದರೆ ಅದೇ ಅಸೆಕ್ಲೋಫೆನಾಕ್ 100, ಅದೇ ಪ್ಯಾರಾಸಿಟಮಾಲ್ 325, ಜೊತೆಗೆ ಸ್ನಾಯು ಸಡಿಲಿಸುವ ಕ್ಲೋರ್‌ಝೋಕ್ಸಾಜೋನ್. ಅವ್ವ ಹಗಲೆಲ್ಲ ತೂಕಡಿಸುತ್ತಿದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು. ಪಕ್ಕದ ಮನೆಯದು ಬರೀ ಪ್ಯಾರಾಸಿಟಮಾಲ್ 650.

ಈಗ ಲೆಕ್ಕ ಹಾಕಿ. ಮೊದಲಿನ ಎರಡೂ ದಿನಕ್ಕೆ ಎರಡೆರಡು ಸಲ, ಅಂದರೆ ಅಸೆಕ್ಲೋಫೆನಾಕ್ 400 ಮಿಲಿಗ್ರಾಂ. ದೊಡ್ಡವರಿಗೆ ದಿನಕ್ಕೆ 200 ಸಾಮಾನ್ಯ ಮಿತಿ. ಪ್ಯಾರಾಸಿಟಮಾಲ್ ಆ ನಾಲ್ಕರಿಂದ 1300, 650ರದ್ದು ಮೂರು ಸಲಕ್ಕೆ 1950, ಒಟ್ಟು 3250. ದೊಡ್ಡವರಿಗೆ 4000 ಮೀರಬಾರದು ಅನ್ನುತ್ತಾರೆ, ಆದರೆ ಅವ್ವ ಐವತ್ತು ಕೆಜಿಯೂ ಇಲ್ಲ. ಅಂಥವರಿಗೆ, ಮದ್ಯ ಕುಡಿಯುವವರಿಗೆ, ಲಿವರ್ ತೊಂದರೆ ಇರುವವರಿಗೆ ಮಿತಿ ಇನ್ನೂ ಕಡಿಮೆ. ಇದರ ಮೇಲೆ ನೆಗಡಿ ಅಂತ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುವ ಶೀತದ ಮಾತ್ರೆ ಎರಡು ನುಂಗಿದ್ದರೆ 4250! ಶೀತದ ಮಾತ್ರೆಗಳಲ್ಲಿ ಅದು ಇರುತ್ತೆ ಅನ್ನೋದೇ ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಮೈಸೂರಿಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆವು. ಕ್ರಿಯಾಟಿನಿನ್ ಏರಿತ್ತು. ಡಾಕ್ಟರು ಮೊದಲು ನೋಡಿದ್ದು ನೋವಿನ ಮಾತ್ರೆಗಳನ್ನಲ್ಲ, ಬಿಪಿ ಮಾತ್ರೆಯನ್ನು. ಅದೂ ಜೋಡಿ ಮಾತ್ರೆಯೇ: ಟೆಲ್ಮಿಸಾರ್ಟನ್ ಜೊತೆಗೆ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್. ಇವೆರಡರ ಮೇಲೆ ಅಸೆಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥದ್ದು ಬಿದ್ದರೆ ಮೂತ್ರಪಿಂಡಕ್ಕೆ ರಕ್ತ ಹರಿಯುವುದು ಕಡಿಮೆಯಾಗಿ ಅದು ಸೋಲುತ್ತೆ ಅಂದರು. ವಯಸ್ಸಾದವರಿಗೆ, ಬಿಸಿಲಲ್ಲಿ ನೀರು ಕುಡಿಯದೆ ದುಡಿಯುವವರಿಗೆ ಇನ್ನೂ ಬೇಗ. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರಬಹುದು; ಟಾರಿನ ಹಾಗೆ ಕಪ್ಪು ಮಲ ಹೋದರೆ ತಡ ಮಾಡಬೇಡಿ ಅಂತಲೂ ಹೇಳಿದರು. ಹೃದಯಕ್ಕೆ ಅಂತ ಆಸ್ಪಿರಿನ್ ತಗೊಳ್ಳೋರು ನೋವಿನ ಮಾತ್ರೆಗೆ ಮುಂಚೆ ಕೇಳಲೇಬೇಕಂತೆ.

ಜೋಡಿ ಮಾತ್ರೆಗಳೆಲ್ಲ ಕೆಟ್ಟವು ಅಂತಲ್ಲ. ಎರಡು ಔಷಧಿ ಎರಡು ದಾರಿಯಲ್ಲಿ ಕೆಲಸ ಮಾಡಿದಾಗ ನೋವು ಚೆನ್ನಾಗಿ ಕಡಿಮೆಯಾಗುತ್ತೆ. ಆದರೆ ಅರ್ಥವಿಲ್ಲದ ಜೋಡಿಗಳೂ ನಮ್ಮ ಮಾರುಕಟ್ಟೆಯಲ್ಲಿ ಬೇಕಾದಷ್ಟು ಇದ್ದವು. ಕೇಂದ್ರ ಸರ್ಕಾರ 2016ರ ಮಾರ್ಚ್‌ನಲ್ಲಿ 344 ಜೋಡಿಗಳನ್ನು ನಿಷೇಧಿಸಿತು. 2024ರ ಆಗಸ್ಟ್‌ನಲ್ಲಿ ಮತ್ತೆ 156. ಅದರಲ್ಲಿ ಅಸೆಕ್ಲೋಫೆನಾಕ್ 50, ಪ್ಯಾರಾಸಿಟಮಾಲ್ 125ರ ಮಾತ್ರೆಯೂ ಇತ್ತು. ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ 2011ರಲ್ಲೇ ಆಗಿದೆ. ಮನೆಯಲ್ಲಿ ದೊಡ್ಡವರ ಮಾತ್ರೆ ಮುರಿದು ಮಗುವಿಗೆ ಕೊಡೋ ಅಭ್ಯಾಸ ಇದ್ದರೆ ದಯವಿಟ್ಟು ಬಿಡಿ.

ಪ್ಯಾರಾಸಿಟಮಾಲ್ ವಿಷಯದಲ್ಲಿ ನನ್ನನ್ನು ಹೆದರಿಸಿದ್ದು ಇನ್ನೊಂದು. ಅದು ಮಿತಿ ಮೀರಿದರೂ ಮೊದಲ ದಿನ ಮನುಷ್ಯ ಚೆನ್ನಾಗೇ ಇರಬಹುದು. ಲಿವರ್ ಕೆಡೋದು ಆಮೇಲೆ ಗೊತ್ತಾಗುತ್ತೆ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಅನ್ನೋ ಮದ್ದಿದೆ, ಎಂಟು ಗಂಟೆಯೊಳಗೆ ಶುರು ಮಾಡಿದರೆ ತುಂಬಾ ಪರಿಣಾಮಕಾರಿ. ಯಾರಾದರೂ ಜಾಸ್ತಿ ನುಂಗಿದ್ದಾರೆ ಅಂತ ಅನುಮಾನ ಬಂದರೆ, ಆರಾಮಾಗಿ ಕೂತಿದ್ದರೂ ಸರಿ, ಖಾಲಿ ಪಟ್ಟಿ ಹಿಡಿದು ಆಸ್ಪತ್ರೆಗೆ ಓಡಿ.

ಅವ್ವನ ನೋವಿನ ಮಾತ್ರೆಗಳನ್ನೆಲ್ಲ ಡಾಕ್ಟರು ನಿಲ್ಲಿಸಿದರು. ಬಿಪಿಯದನ್ನ ಮಾತ್ರ ನೀವಾಗೇ ಬಿಡಬೇಡಿ ಅಂದರು. ಮಂಡಿಗೆ ಹಚ್ಚೋ ಜೆಲ್, ವ್ಯಾಯಾಮ, ತೀರಾ ನೋವಾದರೆ 500ರ ಪ್ಯಾರಾಸಿಟಮಾಲ್. ಎರಡು ವಾರಕ್ಕೆ ಊತ ಇಳಿಯಿತು, ಕ್ರಿಯಾಟಿನಿನ್ನೂ ಇಳಿಯಿತು. ಮಂಡಿ ನೋವು ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ.

ನಂಜುಂಡೇಶ್ವರನನ್ನು ಟಿಪ್ಪು "ಹಕೀಂ ನಂಜುಂಡ" ಅಂತ ಕರೆದ ಅನ್ನೋ ಪ್ರತೀತಿ ಇರುವ ಸೀಮೆ ನಮ್ಮದು. ಅಲ್ಲೇ ಏಳನೇ ಕ್ಲಾಸು ಕನ್ನಡದಲ್ಲಿ ಓದಿದ ನಮ್ಮವ್ವನಿಗೆ ತಾನು ನುಂಗೋ ಮಾತ್ರೆಯ ಹೆಸರು ಓದೋಕಾಗಲ್ಲ, ಎಲ್ಲ ಇಂಗ್ಲಿಷು. ಈಗ ಪ್ರತಿ ಪಟ್ಟಿಗೂ ಬಿಳಿ ಟೇಪು ಅಂಟಿಸಿ, ಒಳಗಿರೋದು ಏನು, ದಿನಕ್ಕೆ ಎಷ್ಟು ಅಂತ ಕನ್ನಡದಲ್ಲಿ ಬರೆದಿಟ್ಟಿದ್ದೀನಿ. ಅಂಗಡಿಯಲ್ಲಿ ಕತ್ತರಿಸಿ ಕೊಟ್ಟರೆ ಹೆಸರಿರೋ ಕಡೆಯಿಂದ ಕೊಡಿ, ಇಲ್ಲಾ ಬಿಲ್ ಮೇಲೆ ಬರೆದುಕೊಡಿ ಅಂತ ಕೇಳೋದನ್ನೂ ಕಲಿಸಿದ್ದೀನಿ.

ಮೊನ್ನೆ ವಾಟ್ಸಾಪಿನಲ್ಲಿ ಪಕ್ಕದ ಮನೆಯವರ ಮಾತ್ರೆಯ ಫೋಟೋ ಕಳಿಸಿದ್ದಳು. ಜೊತೆಗೊಂದು ವಾಯ್ಸ್ ಮೆಸೇಜು: "ಇದ್ರೊಳಗೂ ಆ ಪ್ಯಾರಾಸಿಟಮಾಲು ಅದಾ ನೋಡಿ ಯೋಳಪ್ಪ, ನುಂಗ್ಬ್ಯಾಡಿ ತಡೀರಿ ಅಂತ ಕೂರ್ಸಿದ್ದೀನಿ."